ಡೀಸೆಲ್ ಲಾರಿ ಐಡ್ಲಿಂಗ್‌ನಲ್ಲಿ ನಡುಗುತ್ತಿದ್ದರೆ ಟ್ಯಾಂಕ್‌ನಿಂದ ಶುರು ಮಾಡಿ

ಸಿಗ್ನಲ್‌ನಲ್ಲಿ ನಿಂತಾಗ ಕ್ಯಾಬಿನ್ ಗಡಗಡ ನಡುಗುತ್ತದೆ. ಆಕ್ಸಲರೇಟರ್ ಚೂರು ಒತ್ತಿದರೆ ಸರಿಹೋಗುತ್ತದೆ, ಕಾಲು ತೆಗೆದರೆ ಮತ್ತೆ ಅದೇ ಕಥೆ. ಇದನ್ನು ಹೇಳಿಕೊಂಡು ಗ್ಯಾರೇಜ್‌ಗೆ ಹೋದರೆ ಬಹಳ ಕಡೆ ಕ್ಯಾಬಿನ್ ಎತ್ತುವ ಮುಂಚೆಯೇ "ಇಂಜೆಕ್ಟರ್ ಹೋಗಿದೆ ಅಣ್ಣಾ" ಅನ್ನುತ್ತಾರೆ. ಹೋಗಿರಲೂಬಹುದು. ಆದರೆ ಸಿಲಿಂಡರ್ ಒಳಗೆ ಡೀಸೆಲ್ ಚಿಮ್ಮಿಸುವ ಈ ಇಂಜೆಕ್ಟರ್ ಅಂದರೆ ಸಾವಿರಗಟ್ಟಲೆ ಖರ್ಚು, ಗಾಡಿ ಎರಡು ಮೂರು ದಿನ ನಿಂತರೆ ಬಾಡಿಗೆಯೂ ಹೋಯಿತು, ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ. ಅಗ್ಗದ ರಬ್ಬರ್ ಪೈಪ್ ಒಂದು ಬಿರುಕು ಬಿಟ್ಟಿದ್ದಕ್ಕೆ ನಾಲ್ಕೂ ಇಂಜೆಕ್ಟರ್ ಬದಲಾಯಿಸಿಕೊಂಡು, ಆಮೇಲೂ ಅದೇ ನಡುಕದಲ್ಲಿ ಓಡಾಡುವ ಗಾಡಿಗಳನ್ನು ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ನಾನು ಹೇಳುವುದು ಇಷ್ಟೇ: ಡೀಸೆಲ್ ಹರಿಯುವ ದಾರಿಯಲ್ಲೇ ನೀವೂ ಹೋಗಿ. ಟ್ಯಾಂಕ್ ಮೊದಲು, ಆಮೇಲೆ ಪೈಪ್, ಫಿಲ್ಟರ್, ಪಂಪ್. ಇಂಜೆಕ್ಟರ್ ಕೊನೆಗೆ. ಮುಂದೆ ಹೋದಷ್ಟೂ ಖರ್ಚು ಜಾಸ್ತಿ, ಕೆಲಸ ನಾಜೂಕು. ಹಿಂದಿನದು ಸರಿ ಇದೆ ಅಂತ ಖಾತ್ರಿಯಾಗದೆ ಮುಂದಿನದಕ್ಕೆ ಕೈ ಹಾಕಬೇಡಿ.

ಕೈ ಹಾಕುವ ಮುಂಚೆ

ಈಗಿನ ಕಾಮನ್ ರೈಲ್ (ಎಲ್ಲಾ ಇಂಜೆಕ್ಟರ್‌ಗೂ ಒಂದೇ ಕೊಳವೆಯಿಂದ ಡೀಸೆಲ್ ಹೋಗುವ) ಇಂಜಿನ್‌ಗಳಲ್ಲಿ ಐಡ್ಲಿಂಗ್‌ನಲ್ಲೇ ಸುಮಾರು 250ರಿಂದ 400 ಬಾರ್ ಒತ್ತಡ ಇರುತ್ತದೆ, ಲೋಡ್ ಬಿದ್ದಾಗ 1600 ಬಾರ್ ದಾಟುತ್ತದೆ. ಲಾರಿ ಟೈರ್‌ನಲ್ಲಿ ನಾವು ತುಂಬುವ ಗಾಳಿ 8 ಬಾರ್ ಆಸುಪಾಸು ಅಷ್ಟೇ, ಅದರ ಜೊತೆ ಇಟ್ಟು ನೋಡಿ. ಇಂಜಿನ್ ಓಡುತ್ತಿರುವಾಗ ಹೈ ಪ್ರೆಷರ್ ಪೈಪ್ ಸಡಿಲ ಮಾಡಲೇಬಾರದು. ಲೀಕ್ ಇದೆಯಾ ಅಂತ ಬೆರಳಿಟ್ಟು ನೋಡಲೇಬಾರದು. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯಾಗಿ ಚಿಮ್ಮುವ ಡೀಸೆಲ್ ಚರ್ಮ ತೂತು ಮಾಡಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತದೆ, ಒಳಗೆ ಬೆರಳೇ ಕೊಳೆತು ಹೋಗಬಹುದು. ಹಾಗೇನಾದರೂ ಆದರೆ ಅರಿಶಿನ ಹಚ್ಚಿ ಕೂರಬೇಡಿ, ನೋವಿಲ್ಲದಿದ್ದರೂ ಆಸ್ಪತ್ರೆಗೆ ಓಡಿ, ಡೀಸೆಲ್ ಒಳಗೆ ಹೊಕ್ಕಿದೆ ಅಂತ ಬಾಯಿಬಿಟ್ಟು ಹೇಳಿ. ಲೀಕ್ ನೋಡಬೇಕಿದ್ದರೆ ಒಂದು ರಟ್ಟಿನ ತುಂಡು ದೂರದಿಂದ ಹಿಡಿದು ನೋಡಿ, ಒದ್ದೆಯಾದರೆ ಗೊತ್ತಾಗುತ್ತದೆ. ಪೈಪ್ ಬಿಚ್ಚುವ ಕೆಲಸ ಇದ್ದರೆ ಇಂಜಿನ್ ನಿಲ್ಲಿಸಿ, ಒತ್ತಡ ಇಳಿಯಲು ಹತ್ತು ನಿಮಿಷವಾದರೂ ಬಿಡಿ.

ನಿಮ್ಮ ಗಾಡಿ ಯಾವ ಥರದ್ದು ಅಂತ ಗೊತ್ತಿಲ್ಲದಿದ್ದರೆ ಇಂಜಿನ್ ನೋಡಿದರೆ ತಿಳಿಯುತ್ತದೆ. ಪಂಪ್‌ನಿಂದಲೇ ಒಂದೊಂದು ಸಿಲಿಂಡರ್‌ಗೆ ಒಂದೊಂದು ಸ್ಟೀಲ್ ಪೈಪ್ ನೇರವಾಗಿ ಹೋಗಿದ್ದು, ಇಂಜೆಕ್ಟರ್ ತಲೆಯ ಮೇಲೆ ವೈರ್ ಇಲ್ಲದಿದ್ದರೆ ಅದು ಹಳೆ ಮೆಕ್ಯಾನಿಕಲ್ ಪಂಪ್. ಮಧ್ಯೆ ರೈಲ್ ಅನ್ನುವ ಒಂದು ದಪ್ಪ ಕೊಳವೆ, ಅದರಿಂದ ಪೈಪ್‌ಗಳು ಕವಲೊಡೆದು, ಪ್ರತಿ ಇಂಜೆಕ್ಟರ್‌ಗೂ ವೈರ್ ಇದ್ದರೆ ಕಾಮನ್ ರೈಲ್. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಲಾರಿ, ಪಿಕಪ್‌ಗಳೆಲ್ಲ ಸಾಮಾನ್ಯವಾಗಿ ಕಾಮನ್ ರೈಲ್‌ನವೇ.

ಮೊದಲ ಐದು ನಿಮಿಷ ಬರೀ ಕೇಳಿ, ನೋಡಿ

ನಡುಕದಲ್ಲಿ ಎರಡು ಜಾತಿ ಇದೆ. ಇದನ್ನು ಬೇರೆ ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಒಂದು ಮಿಸ್ಸಿಂಗ್. ಆರ್‌ಪಿಎಂ ಹೆಚ್ಚುಕಮ್ಮಿ ಒಂದೇ ಕಡೆ ನಿಂತಿರುತ್ತದೆ, ಆದರೆ ತಾಳ ತಪ್ಪದ ಹಾಗೆ ಒಂದೇ ಸಮ ದಡ ದಡ ಹೊಡೆತ. ಅಂದರೆ ಯಾವುದೋ ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲ. 750 ಆರ್‌ಪಿಎಂನಲ್ಲಿ ಒಂದೊಂದು ಸಿಲಿಂಡರ್ ಸೆಕೆಂಡಿಗೆ ಸುಮಾರು ಆರು ಸಲ ಉರಿಯಬೇಕು, ಆ ಲೆಕ್ಕದಲ್ಲೇ ಹೊಡೆತ ಬರುತ್ತದೆ. ಇನ್ನೊಂದು ಹಂಟಿಂಗ್. ಆರ್‌ಪಿಎಂ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಇದಕ್ಕೆ ಬಹಳ ಸಲ ಕಾರಣ ಡೀಸೆಲ್ ಜೊತೆ ಗಾಳಿ ಬರುವುದು, ಡೀಸೆಲ್ ಸಾಲದೆ ಹೋಗುವುದು, ಅಥವಾ ಪಂಪ್ ಮೇಲಿನ ಪ್ರೆಷರ್ ಕಂಟ್ರೋಲ್ ವಾಲ್ವ್ ಅಂಟಿಕೊಳ್ಳುವುದು. ಹಂಟಿಂಗ್ ಇರುವ ಗಾಡಿಯ ಇಂಜೆಕ್ಟರ್ ಮೊದಲೇ ಬಿಚ್ಚುತ್ತೇನೆ ಅಂದರೆ ಬೇಡ ಅನ್ನಿ.

ಯಾವಾಗ ನಡುಗುತ್ತದೆ ಅಂತಲೂ ಬರೆದಿಟ್ಟುಕೊಳ್ಳಿ. ಬೆಳಿಗ್ಗೆ ಮೊದಲ ಸ್ಟಾರ್ಟ್‌ನಲ್ಲಿ ಮಾತ್ರವಾ, ಬಿಸಿಯಾದ ಮೇಲಾ, ಡೀಸೆಲ್ ಹಾಕಿಸಿದ ಮೇಲೆ ಶುರುವಾಯಿತಾ, ಟ್ಯಾಂಕ್ ಕಾಲು ಭಾಗಕ್ಕೆ ಇಳಿದಾಗ ಮಾತ್ರವಾ? ಈ ಕೊನೆಯದು ಹೌದು ಅಂದರೆ ಟ್ಯಾಂಕ್ ಒಳಗಿನ ಪೈಪ್ ಬಿರುಕು ಬಿಟ್ಟಿರುವ ಸಾಧ್ಯತೆ ಇದೆ.

ಹೊಗೆ ಕೂಡ ಮಾತಾಡುತ್ತದೆ. ಕಪ್ಪು ಹೊಗೆ ಅಂದರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಮ್ಮಿ. ಬಿಳಿ ಹೊಗೆಗೆ ಕಣ್ಣು ಉರಿದು ಡೀಸೆಲ್ ವಾಸನೆ ಬಂದರೆ ಉರಿಯದ ಡೀಸೆಲ್ ಹೊರಗೆ ಬರುತ್ತಿದೆ. ನೀಲಿ ಹೊಗೆ ಇಂಜಿನ್ ಆಯಿಲ್‌ನದು, ಅದು ಡೀಸೆಲ್ ದಾರಿಯ ತೊಂದರೆಯಲ್ಲ. ಬಿಎಸ್-6 ಗಾಡಿಯಲ್ಲಿ ಸೈಲೆನ್ಸರ್‌ನ ಡಿಪಿಎಫ್ ಅನ್ನುವ ಫಿಲ್ಟರ್ ಹೊಗೆಯ ಮಸಿಯನ್ನು ಹಿಡಿದಿಡುವುದರಿಂದ ಬಣ್ಣ ನೋಡಿ ಹೇಳುವುದು ಕಷ್ಟ. ಆ ಡಿಪಿಎಫ್ ತನ್ನನ್ನು ತಾನು ಸುಟ್ಟು ಶುದ್ಧ ಮಾಡಿಕೊಳ್ಳುವಾಗ ಐಡ್ಲಿಂಗ್ ಏರುವುದು, ಶಬ್ದ ಬದಲಾಗುವುದು ಮಾಮೂಲಿ. ಬೆಂಗಳೂರಿನ ಗೊರಗುಂಟೆಪಾಳ್ಯದ ಜಾಮ್‌ನಲ್ಲೇ ದಿನಾ ತೆವಳುವ ಗಾಡಿಗೆ ಈ ಕೆಲಸ ಪೂರ್ತಿ ಆಗಲು ಅವಕಾಶವೇ ಸಿಗುವುದಿಲ್ಲ. ಡಿಪಿಎಫ್ ಲೈಟ್ ಬಂದಿದ್ದರೆ ಮೊದಲು ನೆಲಮಂಗಲ ದಾಟಿ ತುಮಕೂರು ರಸ್ತೆಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿ, ಆಮೇಲೆ ನಡುಕ ಇದೆಯಾ ನೋಡಿ. ಲೈಟ್ ಕೆಂಪಾಗಿದ್ದರೆ ಮಾತ್ರ ಹಾಗೆ ಓಡಿಸಬೇಡಿ.

ಡೀಸೆಲ್‌ಗೆ ಸಂಬಂಧವಿಲ್ಲದ್ದನ್ನು ಬೇಗ ಮುಗಿಸಿ. ಇಂಜಿನ್ ಮೌಂಟಿಂಗ್ ರಬ್ಬರ್ ಹರಿದಿದ್ದರೆ ಇಂಜಿನ್ ಚೆನ್ನಾಗಿದ್ದರೂ ಕ್ಯಾಬಿನ್ ನಡುಗುತ್ತದೆ, ಆರ್‌ಪಿಎಂ ಮುಳ್ಳು ಮಾತ್ರ ಅಲ್ಲಾಡುವುದಿಲ್ಲ. ಏರ್ ಫಿಲ್ಟರ್ ತೆಗೆದು ನೋಡಿ, ಟರ್ಬೊ ಹೋಸ್ ಕ್ಲಿಪ್ ಬಿಗಿ ಇದೆಯಾ ನೋಡಿ. ಸುಟ್ಟ ಹೊಗೆಯನ್ನು ಸ್ವಲ್ಪ ಇಂಜಿನ್‌ಗೇ ವಾಪಸ್ ಬಿಡುವ ಇಜಿಆರ್ ವಾಲ್ವ್ ಮಸಿ ಕಟ್ಟಿ ತೆರೆದೇ ನಿಂತಿದ್ದರೆ ಐಡ್ಲಿಂಗ್ ಕೆಡುತ್ತದೆ. ಬ್ಯಾಟರಿ ಚಾರ್ಜಿಂಗ್ 12 ವೋಲ್ಟ್ ಗಾಡಿಯಲ್ಲಿ 14ರ ಹತ್ತಿರ, 24 ವೋಲ್ಟ್ ಗಾಡಿಯಲ್ಲಿ 28ರ ಹತ್ತಿರ ಇರಬೇಕು. ಬೆಂಗಳೂರಿನ ಚಳಿಗೆ ಡೀಸೆಲ್ ಗಟ್ಟಿಯಾಗಿದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಡೀಸೆಲ್ ಮೇಣ ಕಟ್ಟುವಷ್ಟು ಚಳಿ ನಮ್ಮೂರಲ್ಲಿ ಬೀಳುವುದಿಲ್ಲ.

ಡೀಸೆಲ್ ಬಾಟಲಿಯಲ್ಲಿ ಹಿಡಿದು ನೋಡಿ

ಫಿಲ್ಟರ್ ಕೆಳಗಿನ ನೀರು ಬಿಡುವ ಸ್ಕ್ರೂ ಸಡಿಲಿಸಿ, ಒಂದು ತಿಳಿ ಗಾಜಿನ ಬಾಟಲಿಗೆ ಅರ್ಧ ಲೀಟರ್ ಇಳಿಸಿ. ಒಂದು ಕಡೆ ಇಟ್ಟು ಚಹಾ ಕುಡಿದು ಬನ್ನಿ. ನೀರಿದ್ದರೆ ತಳಕ್ಕೆ ಇಳಿದು ಗೆರೆ ಎಳೆದ ಹಾಗೆ ಬೇರೆಯಾಗಿ ನಿಲ್ಲುತ್ತದೆ. ಡೀಸೆಲ್ ಮಬ್ಬಾಗಿದ್ದರೆ ಅದರಲ್ಲೂ ನೀರು ಬೆರೆತಿದೆ. ತಳದಲ್ಲಿ ಕಪ್ಪು ಲೋಳೆ ಕಂಡರೆ ಟ್ಯಾಂಕ್‌ನಲ್ಲಿ ನೀರು ಬಹಳ ದಿನದಿಂದ ನಿಂತು ಪಾಚಿಯ ಥರ ಬೆಳೆದಿದೆ, ಟ್ಯಾಂಕ್ ಇಳಿಸಿ ತೊಳೆಯದೆ ಬೇರೆ ದಾರಿ ಇಲ್ಲ.

ನೀರು ಬರುವ ದಾರಿಗಳು ಸಾಮಾನ್ಯವಾಗಿ ಸಣ್ಣವು. ಟ್ಯಾಂಕ್ ಕ್ಯಾಪ್‌ನ ರಬ್ಬರ್ ಹೋಗಿರುತ್ತದೆ, ಮಳೆಗಾಲದಲ್ಲಿ ಹೊರಗೆ ನಿಂತ ಗಾಡಿಗೆ ಹನಿ ಹನಿಯಾಗಿ ಇಳಿಯುತ್ತದೆ. ಇಲ್ಲದಿದ್ದರೆ ವಾಟರ್ ಸರ್ವಿಸ್. ಆಯುಧಪೂಜೆಗೆ ಗಾಡಿ ತೊಳೆಸುವಾಗ ಜೋರು ನೀರನ್ನು ಕ್ಯಾಪ್ ಮೇಲೆ ನೇರ ಹೊಡೆಯುತ್ತಾರೆ, ಎರಡು ದಿನ ಬಿಟ್ಟು ಗಾಡಿ ಕೆಮ್ಮಲು ಶುರು ಮಾಡುತ್ತದೆ. ತೊಳೆಸುವ ಮುಂಚೆ ಕ್ಯಾಪ್‌ಗೆ ಒಂದು ಪ್ಲಾಸ್ಟಿಕ್ ಕವರ್ ಬಿಗಿಯಾಗಿ ಕಟ್ಟಿ, ಅಷ್ಟೇ ಸಾಕು.

ವಾಸನೆಯನ್ನೂ ನೋಡಿ. ಪೆಟ್ರೋಲ್ ಅಥವಾ ಸೀಮೆಎಣ್ಣೆ ವಾಸನೆ ಬಂದರೆ ಸ್ಟಾರ್ಟ್ ಮಾಡಬೇಡಿ. ಹೈ ಪ್ರೆಷರ್ ಪಂಪ್‌ಗೆ ಬೇರೆ ಗ್ರೀಸಿಂಗ್ ಇರುವುದಿಲ್ಲ, ಸಾಮಾನ್ಯವಾಗಿ ಡೀಸೆಲ್ಲೇ ಅದಕ್ಕೆ ಎಣ್ಣೆ. ಸೀಮೆಎಣ್ಣೆಗೆ ಆ ಜಿಡ್ಡು ಸಾಲದು, ಪಂಪ್ ಒಳಗೊಳಗೇ ಉಜ್ಜಿ ಲೋಹದ ಪುಡಿ ಉದುರಿಸುತ್ತದೆ. ಹೈವೇ ಬದಿಯಲ್ಲಿ ಡ್ರಮ್‌ನಲ್ಲಿ ಮಾರುವ ಅಗ್ಗದ ಮಾಲಿನಿಂದ ಉಳಿಯುವ ದುಡ್ಡು ಒಂದು ಪಂಪ್‌ಗೂ ಸಾಲುವುದಿಲ್ಲ. ಬಂಕ್ ಮೇಲೆ ಅನುಮಾನ ಬಂದರೆ ಡೆನ್ಸಿಟಿ ತೋರಿಸಿ ಅಂತ ಕೇಳಿ, ಹೈಡ್ರೋಮೀಟರ್ ಇಟ್ಟಿರಲೇಬೇಕು, ಕೇಳುವ ಹಕ್ಕು ನಿಮಗಿದೆ.

ಬಿಎಸ್-6 ಗಾಡಿಯವರಿಗೆ ಇನ್ನೊಂದು ಮಾತು. ಹೊಗೆ ಶುದ್ಧ ಮಾಡಲು ಬೇರೆ ಟ್ಯಾಂಕ್‌ಗೆ ಹಾಕುವ ಡಿಇಎಫ್ ಅಂದರೆ ನೀರಿನಲ್ಲಿ ಕರಗಿಸಿದ 32.5 ಪರ್ಸೆಂಟ್ ಯೂರಿಯಾ. ಅದನ್ನು ಗೊತ್ತಿಲ್ಲದೆ ಡೀಸೆಲ್ ಟ್ಯಾಂಕ್‌ಗೆ ಸುರಿದಿದ್ದರೆ ಕೀ ಕೂಡ ತಿರುಗಿಸಬೇಡಿ. ಗಾಡಿ ಎಳೆಸಿಕೊಂಡು ಹೋಗಿ ಟ್ಯಾಂಕ್ ಖಾಲಿ ಮಾಡಿಸಿ ತೊಳೆಸಿ.

ಫಿಲ್ಟರ್ ಕತ್ತರಿಸಿ ನೋಡಿ

ಕೊನೆ ಸಲ ಯಾವಾಗ ಬದಲಾಯಿಸಿದ್ದು ಅಂತ ನೆನಪಿಲ್ಲದಿದ್ದರೆ ಈಗಲೇ ಬದಲಾಯಿಸಿ. ಜೆ.ಸಿ. ರಸ್ತೆಯಲ್ಲಿ ಎಲ್ಲಾ ಗಾಡಿಗೂ ಸಿಗುತ್ತದೆ, ಆದರೆ ಅಗ್ಗಕ್ಕೆ ಬರುವ ಡೂಪ್ಲಿಕೇಟ್ ಹಾಕಬೇಡಿ, ಸಿಕ್ಕದ್ದು ಒರಿಜಿನಲ್ಲೇ ಅಂತ ಖಾತ್ರಿ ಮಾಡಿಕೊಳ್ಳಿ. ಬಿಚ್ಚಿದ ಹಳೆಯದನ್ನು ಎಸೆಯಬೇಡಿ, ಕತ್ತರಿಸಿ ಪೇಪರ್ ಬಿಡಿಸಿ ಬಿಸಿಲಿನಲ್ಲಿ ನೋಡಿ. ಕಂದು ಬಣ್ಣ ಇದ್ದರೆ ತುಕ್ಕು, ಟ್ಯಾಂಕ್‌ನದು. ಬೆಳ್ಳಿಯ ಹಾಗೆ ಮಿನುಗುವ ಪುಡಿ ಇದ್ದರೆ ಎಲ್ಲೋ ಲೋಹ ಸವೆಯುತ್ತಿದೆ, ಪಂಪ್ ಮೇಲೆ ಮೊದಲ ಅನುಮಾನ. ಆಗ ಬರೀ ಪಂಪ್ ಬದಲಾಯಿಸಿದರೆ ಪ್ರಯೋಜನವಿಲ್ಲ. ಟ್ಯಾಂಕ್, ಪೈಪ್, ರೈಲ್, ಇಂಜೆಕ್ಟರ್ ಎಲ್ಲವನ್ನೂ ತೊಳೆಸಬೇಕು ಅಥವಾ ಬದಲಾಯಿಸಬೇಕು, ಇಲ್ಲದಿದ್ದರೆ ಉಳಿದ ಪುಡಿ ಹೊಸದನ್ನೂ ತಿಂದುಹಾಕುತ್ತದೆ.

ಹೊಸ ಫಿಲ್ಟರ್ ಹಾಕಿದ ಮೇಲೆ ಏರ್ ತೆಗೆಯುವುದು ಮುಖ್ಯ. ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿ, ಕೈಯಿಂದ ಡೀಸೆಲ್ ತುಂಬುವ ಹ್ಯಾಂಡ್ ಪ್ರೈಮರ್ ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ ಇಲ್ಲದ ಡೀಸೆಲ್ ಬರುತ್ತದೆ. ಆಗ ಸ್ಕ್ರೂ ಬಿಗಿ ಮಾಡಿ, ಪ್ರೈಮರ್ ಗಟ್ಟಿಯಾಗುವ ತನಕ ಒತ್ತಿ. ಏರ್ ತೆಗೆಯದೆ ಸುಮ್ನೆ ಸೆಲ್ಫ್ ಹೊಡೆಯುತ್ತಾ ಕೂತರೆ ಬ್ಯಾಟರಿ, ಸ್ಟಾರ್ಟರ್ ಎರಡೂ ಹಾಳು, ಪಂಪ್ ಕೂಡ ಒಣಗಿ ಉಜ್ಜುತ್ತದೆ.

ಗಾಳಿ ಎಲ್ಲಿಂದ ಬರುತ್ತಿದೆ

ಜನ ಎಡವುವುದು ಇಲ್ಲೇ. "ಎಲ್ಲೂ ಡೀಸೆಲ್ ಸೋರ್ತಿಲ್ಲ, ಮತ್ತೆ ಗಾಳಿ ಹೇಗೆ ಹೋಗುತ್ತೆ?" ಅಂತ ಕೇಳುತ್ತಾರೆ. ಬಹಳ ಗಾಡಿಗಳಲ್ಲಿ ಫೀಡ್ ಪಂಪ್ ಇರುವುದು ಇಂಜಿನ್ ಹತ್ತಿರ, ಅದು ಟ್ಯಾಂಕ್‌ನಿಂದ ಡೀಸೆಲ್ ಎಳೆಯುತ್ತದೆ. ಎಳೆಯುವ ಕಡೆ ಬಿರುಕು ಬಿದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹೊರಗೆ ಒಣಗಿಯೇ ಇರುತ್ತದೆ, ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ರಾತ್ರಿ ನಿಲ್ಲಿಸಿದಾಗ ಅದೇ ಬಿರುಕಿನಿಂದ ಗಾಳಿ ಎಳೆದುಕೊಂಡು ಪೈಪ್‌ನಲ್ಲಿದ್ದ ಡೀಸೆಲ್ ಟ್ಯಾಂಕ್‌ಗೆ ವಾಪಸ್ ಇಳಿಯುತ್ತದೆ, ಬೆಳಿಗ್ಗೆ ಉದ್ದಕ್ಕೆ ಸೆಲ್ಫ್ ಹೊಡೆಯಬೇಕಾಗುತ್ತದೆ, ಸ್ಟಾರ್ಟ್ ಆದರೂ ಒಂದೆರಡು ನಿಮಿಷ ಏರಿಳಿತ. ಬೆಳಗಿನ ಸ್ಟಾರ್ಟಿಂಗ್ ಟ್ರಬಲ್, ಜೊತೆಗೆ ಹಂಟಿಂಗ್, ಎರಡೂ ಇದ್ದರೆ ಮೊದಲು ಇದನ್ನೇ ಹುಡುಕಿ.

ಫಿಲ್ಟರ್ ಮತ್ತು ಪಂಪ್ ನಡುವಿನ ಪೈಪ್ ತೆಗೆದು, ಅದೇ ಅಳತೆಯ ತಿಳಿ ಪ್ಲಾಸ್ಟಿಕ್ ಪೈಪ್ ಒಂದಡಿ ಹಾಕಿ ಕ್ಲಿಪ್ ಬಿಗಿ ಮಾಡಿ. ಡೀಸೆಲ್‌ಗೆ ಕರಗದ ಪೈಪ್ ಇರಲಿ, ಕೂಲಿಂಗ್ ಫ್ಯಾನ್‌ನಿಂದ ದೂರ ಇರಲಿ. ಇದು ಕಡಿಮೆ ಒತ್ತಡದ ಕಡೆಯ ಟೆಸ್ಟ್ ಮಾತ್ರ, ಹೈ ಪ್ರೆಷರ್ ಕಡೆ ಇದನ್ನು ಮಾಡುವಂತಿಲ್ಲ. ಏರ್ ತೆಗೆದು ಸ್ಟಾರ್ಟ್ ಮಾಡಿ ನೋಡಿ. ಮೊದಲು ಒಂದಿಷ್ಟು ಗುಳ್ಳೆ ಬಂದು ನಿಂತರೆ ಸರಿ. ಬಿಡದೆ ಗುಳ್ಳೆ ಸಾಲುಗಟ್ಟಿ ಬರುತ್ತಿದ್ದರೆ ಗಾಳಿ ಒಳಗೆ ಹೋಗುತ್ತಿದೆ.

ಈಗ ಜಾಗ ಹುಡುಕಬೇಕು. ಯೂನಿಯನ್ ಬೋಲ್ಟ್‌ನ ತಾಮ್ರದ ವಾಷರ್, ಫಿಲ್ಟರ್‌ನ ಓ-ರಿಂಗ್, ಪ್ರೈಮರ್‌ನ ಒಳಗಿನ ರಬ್ಬರ್, ಚಾಸಿಗೆ ಉಜ್ಜುವ ಕಡೆ ಪೈಪ್, ಕ್ಲಿಪ್ ಕಡಿದಿರುವ ಪೈಪ್ ತುದಿ, ಇವೇ ಮಾಮೂಲಿ ಜಾಗಗಳು. ರಬ್ಬರ್ ಪೈಪ್‌ಗಳನ್ನು ಕೈಯಲ್ಲಿ ಬಗ್ಗಿಸಿ ನೋಡಿ, ನೇರ ಇದ್ದಾಗ ಕಾಣದ ಬಿರುಕು ಬಗ್ಗಿಸಿದಾಗ ಬಾಯಿ ಬಿಡುತ್ತದೆ. ಇಂಜಿನ್ ಓಡುತ್ತಿರುವಾಗ ಒಂದೊಂದು ಜಾಯಿಂಟ್‌ಗೂ ಗ್ರೀಸ್ ದಪ್ಪಗೆ ಹಚ್ಚುತ್ತಾ ಹೋದರೆ ಯಾವುದಕ್ಕೆ ಹಚ್ಚಿದಾಗ ಗುಳ್ಳೆ ನಿಂತಿತೋ ಅದೇ ಕಳ್ಳ. ಹಳೆ ತಾಮ್ರದ ವಾಷರ್ ಮತ್ತೆ ಹಾಕಬೇಡಿ, ಹೊಸದಕ್ಕೆ ಚಿಲ್ಲರೆ ಕಾಸು ಅಷ್ಟೇ.

ಇದರ ಜೊತೆಗೇ ಟ್ಯಾಂಕ್ ಕ್ಯಾಪ್. ಗಾಡಿ ಸ್ವಲ್ಪ ದೂರ ಓಡಿ ನಡುಗಲು ಶುರುವಾದಾಗ ನಿಲ್ಲಿಸಿ ಕ್ಯಾಪ್ ತೆಗೆಯಿರಿ. ಉಸ್ಸ್ ಅಂತ ಗಾಳಿ ಒಳಗೆ ಎಳೆದುಕೊಂಡರೆ, ಆಮೇಲೆ ಇಂಜಿನ್ ಸರಿಹೋದರೆ, ಕ್ಯಾಪ್‌ನ ಗಾಳಿ ತೂತು ಅಥವಾ ಬ್ರೀದರ್ ಪೈಪ್ ಧೂಳಿನಿಂದ ಮುಚ್ಚಿದೆ. ಮಣ್ಣು, ಜಲ್ಲಿ, ಎಂ-ಸ್ಯಾಂಡ್ ಹೊಡೆಯುವ ಟಿಪ್ಪರ್‌ಗಳಲ್ಲಿ ಇದು ತುಂಬಾ ಸಾಮಾನ್ಯ.

ಕ್ಯಾನ್ ಟೆಸ್ಟ್

ಇಷ್ಟು ನೋಡಿಯೂ ಗೊತ್ತಾಗದಿದ್ದರೆ ದಾರಿಯನ್ನೇ ಎರಡು ತುಂಡು ಮಾಡಿ. ಐದು ಲೀಟರ್‌ನ ಶುದ್ಧ ಕ್ಯಾನ್‌ನಲ್ಲಿ ನಂಬಿಕೆಯ ಬಂಕ್‌ನ ಡೀಸೆಲ್ ತನ್ನಿ. ಟ್ಯಾಂಕ್‌ನಿಂದ ಬರುವ ಪೈಪ್ ಅನ್ನು ಮೊದಲ ಫಿಲ್ಟರ್ ಹತ್ತಿರ ಬಿಚ್ಚಿ ಬಾಯಿ ಮುಚ್ಚಿ. ಅದರ ಜಾಗಕ್ಕೆ ಹೊಸ ಪೈಪ್ ಹಾಕಿ ಇನ್ನೊಂದು ತುದಿ ಕ್ಯಾನ್‌ನ ತಳದ ತನಕ ಇಳಿಸಿ. ಕ್ಯಾನ್ ಫಿಲ್ಟರ್‌ಗಿಂತ ಸ್ವಲ್ಪ ಎತ್ತರದಲ್ಲಿ, ಬೀಳದ ಹಾಗೆ, ಸೈಲೆನ್ಸರ್ ಬಿಸಿ ತಾಗದ ಹಾಗೆ ಕಟ್ಟಿ. ರಿಟರ್ನ್ ಪೈಪ್ ಟ್ಯಾಂಕ್‌ಗೇ ಹೋಗಲಿ, ಆದರೆ ಕ್ಯಾನ್ ಖಾಲಿಯಾಗದಂತೆ ಕಣ್ಣಿಡಿ. ಏರ್ ತೆಗೆದು ಹದಿನೈದು ನಿಮಿಷ ಓಡಿಸಿ.

ಐಡ್ಲಿಂಗ್ ಸರಿಹೋಯಿತಾ? ಹಾಗಾದರೆ ನಿಮ್ಮ ಪಂಪ್, ಇಂಜೆಕ್ಟರ್ ಚೆನ್ನಾಗಿವೆ. ತೊಂದರೆ ಇರುವುದು ಟ್ಯಾಂಕ್, ಅದರೊಳಗಿನ ಜಾಲರಿ, ಅಲ್ಲಿಂದ ಬರುವ ಪೈಪ್, ಅಥವಾ ಹಳೆ ಡೀಸೆಲ್‌ನಲ್ಲಿ. ನಡುಕ ಹಾಗೇ ಇದ್ದರೆ ಆ ಕಡೆಯನ್ನು ಮರೆತು ಮುಂದಕ್ಕೆ ಹೋಗಿ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಖಚಿತ ಉತ್ತರ ಕೊಡುವ ಟೆಸ್ಟ್ ನನಗೆ ಬೇರೆ ಗೊತ್ತಿಲ್ಲ. ಯಾವ ಗ್ಯಾರೇಜ್‌ನಲ್ಲಾದರೂ ಪಂಪ್ ಇಳಿಸುವ ಮಾತು ಬಂದರೆ "ಅಣ್ಣಾ, ಮೊದಲು ಕ್ಯಾನ್ ಇಟ್ಟು ಓಡಿಸಿ ತೋರಿಸಿ" ಅಂತ ಕೇಳಿ. ಟ್ಯಾಂಕ್ ಒಳಗೇ ಕರೆಂಟ್ ಪಂಪ್ ಇರುವ ಗಾಡಿಗಳಲ್ಲಿ ಈ ಟೆಸ್ಟ್ ಹೊಂದುವುದಿಲ್ಲ, ಅಲ್ಲಿ ಗೇಜ್ ಹಾಕಿ ಒತ್ತಡ ನೋಡಬೇಕು.

ಸ್ಕ್ಯಾನರ್ ಏನು ಹೇಳುತ್ತದೆ

ಕಾಮನ್ ರೈಲ್ ಗಾಡಿಯಲ್ಲಿ ಈಗ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಓದುವ ಸ್ಕ್ಯಾನರ್ ಬೇಕು. ಅದು ತೋರಿಸುವ ತೊಂದರೆಯ ಕೋಡ್ ಒಂದನ್ನೇ ನೋಡಿ ಪಾರ್ಟ್ ಬದಲಾಯಿಸಬೇಡಿ. ಪಿ0087 ಅಂದರೆ ರೈಲ್‌ನಲ್ಲಿ ಒತ್ತಡ ಕಮ್ಮಿ ಅಂತ ಮಾತ್ರ ಅರ್ಥ, ಪಂಪ್ ಹೋಗಿದೆ ಅಂತಲ್ಲ. ಫಿಲ್ಟರ್ ಕಟ್ಟಿದರೂ, ಗಾಳಿ ಹೋದರೂ, ಇಂಜೆಕ್ಟರ್ ಒಳಗೆ ಸೋರಿದರೂ ಅದೇ ಕೋಡ್ ಬರುತ್ತದೆ. ಪಿ0201ರಿಂದ ಮುಂದಿನವು ಇಂಜೆಕ್ಟರ್ ವೈರಿಂಗ್ ಕಡೆ ಬೆರಳು ತೋರಿಸುತ್ತವೆ, ಇಲಿ ಕಡಿದ ವೈರ್, ಸಡಿಲ ಸಾಕೆಟ್ ಮೊದಲು ನೋಡಿ.

ಲೈವ್ ಡೇಟಾದಲ್ಲಿ ಎರಡು ನಂಬರ್ ಅಕ್ಕಪಕ್ಕ ಇಡಿ: ಇಸಿಯು ಕೇಳುತ್ತಿರುವ ರೈಲ್ ಪ್ರೆಷರ್, ನಿಜವಾಗಿ ಬರುತ್ತಿರುವ ರೈಲ್ ಪ್ರೆಷರ್. ಎರಡೂ ಜೊತೆಜೊತೆಯಾಗಿ ಹೋದರೆ ಪಂಪ್ ಮೇಲೆ ಅನುಮಾನ ಬೇಡ. ನಿಜದ ನಂಬರ್ ಒಂದೇ ಸಮ ಮೇಲೆ ಕೆಳಗೆ ಕುಣಿಯುತ್ತಿದ್ದರೆ ಗಾಳಿ ಅಥವಾ ಪಂಪ್ ಮೇಲಿನ ಕಂಟ್ರೋಲ್ ವಾಲ್ವ್. ಆಮೇಲೆ ಸಿಲಿಂಡರ್‌ವಾರು ಕರೆಕ್ಷನ್ ನೋಡಿ. ಐಡ್ಲಿಂಗ್ ಸಮ ಮಾಡಲು ಇಸಿಯು ಯಾವ ಸಿಲಿಂಡರ್‌ಗೆ ಎಷ್ಟು ಡೀಸೆಲ್ ಜಾಸ್ತಿ ಅಥವಾ ಕಮ್ಮಿ ಕೊಡುತ್ತಿದೆ ಅನ್ನುವ ಲೆಕ್ಕ ಅದು. ಎಲ್ಲವೂ ಸೊನ್ನೆಯ ಹತ್ತಿರ ಇದ್ದು ಒಂದು ಮಾತ್ರ ದೂರ ನಿಂತಿದ್ದರೆ ಆ ಸಿಲಿಂಡರ್ ಹಿಡಿಯಿರಿ. ನೆನಪಿಡಿ, ಕಂಪ್ರೆಷನ್ (ಸಿಲಿಂಡರ್ ಒಳಗೆ ಗಾಳಿ ಒತ್ತುವ ಬಲ) ಕಮ್ಮಿ ಇದ್ದರೂ ನಂಬರ್ ಹೀಗೇ ಕಾಣುತ್ತದೆ. ಟ್ಯಾಪೆಟ್ ಗ್ಯಾಪ್ (ವಾಲ್ವ್ ಮೇಲಿನ ಸಂದು) ಮತ್ತು ಕಂಪ್ರೆಷನ್ ಚೆಕ್ ಮಾಡಿಸದೆ ಇಂಜೆಕ್ಟರ್ ಮೇಲೆ ತಪ್ಪು ಹೊರಿಸಬೇಡಿ.

ಇಂಜೆಕ್ಟರ್‌ನ ವೈರ್ ಸಾಕೆಟ್ ಅನ್ನು ಓಡುತ್ತಿರುವಾಗ ಕೈಯಿಂದ ಕೀಳುವ ಅಭ್ಯಾಸ ಬಿಡಿ. ಅಲ್ಲಿ ಬ್ಯಾಟರಿಗಿಂತ ಎಷ್ಟೋ ಜಾಸ್ತಿ ವೋಲ್ಟೇಜ್ ಇರುತ್ತದೆ, ಶಾಕ್ ಹೊಡೆಯುತ್ತದೆ, ಇಸಿಯು ಕೂಡ ಹೋಗಬಹುದು. ಸ್ಕ್ಯಾನರ್‌ನಲ್ಲೇ ಒಂದೊಂದು ಸಿಲಿಂಡರ್ ಆಫ್ ಮಾಡುವ ಟೆಸ್ಟ್ ಇರುತ್ತದೆ. ಯಾವುದನ್ನು ಆಫ್ ಮಾಡಿದಾಗ ಇಂಜಿನ್ ಶಬ್ದ ಬದಲಾಗುವುದಿಲ್ಲವೋ ಅದೇ ಕೆಲಸ ಮಾಡದ ಸಿಲಿಂಡರ್.

ಹಳೆ ಮೆಕ್ಯಾನಿಕಲ್ ಪಂಪ್ ಗಾಡಿಗೆ ಈ ತಲೆನೋವಿಲ್ಲ. ಕನ್ನಡಕ, ಗ್ಲೌಸ್ ಹಾಕಿಕೊಂಡು, ಪೈಪ್ ನಟ್ ಸುತ್ತ ಬಟ್ಟೆ ಸುತ್ತಿ, ಸ್ಪ್ಯಾನರ್‌ನಲ್ಲಿ ಒಂದೊಂದೇ ನಟ್ ಅರ್ಧ ಸುತ್ತು ಸಡಿಲಿಸಿ ಶಬ್ದ ಕೇಳುವ ಹಳೆ ಪದ್ಧತಿ ಅಲ್ಲಿ ನಡೆಯುತ್ತದೆ, ಅಲ್ಲಿ ಮಾತ್ರ. ಪಂಪ್ ಕ್ಯಾಲಿಬ್ರೇಷನ್ ಬೇಕಾದರೆ ಬೆಂಗಳೂರಿನವರಿಗೆ ಅನುಕೂಲ ಇದೆ. 1951ರಲ್ಲಿ ಶುರುವಾಗಿ ಆಡುಗೋಡಿಯಲ್ಲಿ ಬೆಳೆದ ಪಂಪ್ ಕಂಪನಿ ಮೈಕೊ 2008ರಲ್ಲಿ ಬಾಷ್ ಲಿಮಿಟೆಡ್ ಅಂತ ಹೆಸರು ಬದಲಾಯಿಸಿಕೊಂಡರೂ ಜನ ಈಗಲೂ ಮೈಕೊ ಪಂಪ್ ಅನ್ನುತ್ತಾರೆ, ಆ ಪಂಪ್ ಬಲ್ಲ ಹಳೆ ಕೈಗಳು ಊರಲ್ಲಿ ಇನ್ನೂ ಇವೆ. ಬೆಂಚ್ ಮೇಲೆ ಕೂರಿಸಿ, ಮೊದಲಿನ ಅಳತೆ, ಆಮೇಲಿನ ಅಳತೆ ಎರಡನ್ನೂ ಬರೆದು ಕೊಡುವ ಕಡೆಯೇ ಕೊಡಿ.

ರಿಟರ್ನ್ ಟೆಸ್ಟ್, ಆಮೇಲೆ ಇಂಜೆಕ್ಟರ್

ಪ್ರತಿ ಇಂಜೆಕ್ಟರ್‌ನಿಂದಲೂ ಸ್ವಲ್ಪ ಡೀಸೆಲ್ ವಾಪಸ್ ಬರುತ್ತದೆ. ಒಳಗೆ ಸವೆದಷ್ಟೂ ವಾಪಸ್ ಬರುವುದು ಜಾಸ್ತಿ, ರೈಲ್‌ನಲ್ಲಿ ಒತ್ತಡ ನಿಲ್ಲುವುದಿಲ್ಲ. ಇಂಜಿನ್ ನಿಲ್ಲಿಸಿ, ಒಂದೊಂದರ ರಿಟರ್ನ್ ಪೈಪ್ ಬಿಚ್ಚಿ, ಗೆರೆ ಇರುವ ಒಂದೇ ಥರದ ಬಾಟಲಿಗಳಿಗೆ ತಿಳಿ ಪೈಪ್ ಹಾಕಿ. ಬಿಸಿ ಇಂಜಿನ್ ಅನ್ನು ಐಡ್ಲಿಂಗ್‌ನಲ್ಲಿ ಕೆಲವು ನಿಮಿಷ ಓಡಿಸಿ ನಿಲ್ಲಿಸಿ. ಎಲ್ಲದರಲ್ಲೂ ಹೆಚ್ಚುಕಮ್ಮಿ ಒಂದೇ ಮಟ್ಟ ಇರಬೇಕು. ಒಂದು ಮಾತ್ರ ಉಳಿದವಕ್ಕಿಂತ ಎರಡು ಪಟ್ಟು ತುಂಬಿದ್ದರೆ ಆ ಇಂಜೆಕ್ಟರ್ ಸವೆದಿದೆ. ಪಿಯೆಜೊ ಹರಳಿನಿಂದ ತೆರೆಯುವ ಇಂಜೆಕ್ಟರ್‌ಗಳಿಗೆ, ರಿಟರ್ನ್ ದಾರಿ ಹೆಡ್ ಒಳಗೇ ಇರುವ ದೊಡ್ಡ ಇಂಜಿನ್‌ಗಳಿಗೆ ಈ ಬಾಟಲಿ ಟೆಸ್ಟ್ ನಡೆಯುವುದಿಲ್ಲ.

ಇಷ್ಟಾದ ಮೇಲೆ ಇಂಜೆಕ್ಟರ್ ಬಿಚ್ಚಿಸಿ. ಬಿಚ್ಚುವ ಮುಂಚೆ ಸುತ್ತಲೂ ಏರ್ ಹೊಡೆದು ಶುಚಿ ಮಾಡಲಿ, ಯಾವುದು ಎಷ್ಟನೇ ಸಿಲಿಂಡರ್‌ನದು ಅಂತ ಗುರುತು ಹಾಕಲಿ. ಬುಡದಲ್ಲಿ ಕಪ್ಪು ಟಾರ್ ಥರ ಕಟ್ಟಿದ್ದರೆ, ಐಡ್ಲಿಂಗ್‌ನಲ್ಲಿ ಚಫ್ ಚಫ್ ಶಬ್ದ ಬರುತ್ತಿದ್ದರೆ, ಹೋಗಿರುವುದು ಬರೀ ಕೆಳಗಿನ ತಾಮ್ರದ ವಾಷರ್ ಆಗಿರಬಹುದು. ಎಲ್ಲವನ್ನೂ ಟೆಸ್ಟ್ ಬೆಂಚ್‌ಗೆ ಹಾಕಿಸಿ ರಿಪೋರ್ಟ್ ಪ್ರಿಂಟ್ ತೆಗೆದುಕೊಳ್ಳಿ, ಕೆಟ್ಟದ್ದನ್ನು ಮಾತ್ರ ರಿಪೇರಿ ಮಾಡಿಸಿ. ಹೊಸ ಇಂಜೆಕ್ಟರ್ ಹಾಕಿದರೆ ಅದರ ತಲೆಯ ಮೇಲಿನ ಕೋಡ್ ಅನ್ನು ಸ್ಕ್ಯಾನರ್‌ನಿಂದ ಇಸಿಯುಗೆ ಬರೆಯಬೇಕಾದ ಗಾಡಿಗಳು ಬಹಳ ಇವೆ. ಬರೆಯದೆ ಬಿಟ್ಟರೆ ಹೊಸ ಇಂಜೆಕ್ಟರ್ ಇದ್ದೂ ನಡುಕ ಹೋಗುವುದಿಲ್ಲ. ಬೋಲ್ಟ್‌ಗಳನ್ನು ಅಂದಾಜಿನಲ್ಲಿ ಬಿಗಿ ಮಾಡದೆ ಟಾರ್ಕ್ ರೆಂಚ್‌ನಲ್ಲೇ ಮಾಡಿಸಿ.

ಕೆಲಸ ಮುಗಿದು ಗಾಡಿ ಹೊರಗೆ ತರುವ ಮುಂಚೆ ಆಯಿಲ್ ಗೇಜ್ ಕಡ್ಡಿ ಎಳೆದು ಮಟ್ಟ ನೋಡಿ, ಮೂಸಿ ನೋಡಿ. ಮಟ್ಟ ಏರಿ ಡೀಸೆಲ್ ವಾಸನೆ ಬಂದರೆ ಸೋರಿದ ಡೀಸೆಲ್ ಆಯಿಲ್‌ಗೆ ಸೇರಿದೆ. ಆಯಿಲ್ ಬದಲಾಯಿಸದೆ ಓಡಿಸಿದರೆ ಬೇರಿಂಗ್‌ಗಳಿಗೆ ಕುತ್ತು. ಸ್ಕ್ಯಾನರ್ ಇನ್ನೂ ಗಾಡಿಯಲ್ಲೇ ಇರುವಾಗ ಬಿಸಿ ಇಂಜಿನ್‌ನ ಐಡ್ಲಿಂಗ್ ಆರ್‌ಪಿಎಂ, ರೈಲ್ ಪ್ರೆಷರ್, ಸಿಲಿಂಡರ್ ಕರೆಕ್ಷನ್ ಇರುವ ಪರದೆಯ ಫೋಟೊ ತೆಗೆದು ಫೋನ್‌ನಲ್ಲಿ ಇಟ್ಟುಕೊಳ್ಳಿ. ಮುಂದಿನ ಸಲ ಯಾವ ಮೆಕ್ಯಾನಿಕ್ ಹತ್ತಿರ ಹೋದರೂ, ಚೆನ್ನಾಗಿದ್ದಾಗ ಗಾಡಿ ಹೀಗಿತ್ತು ಅಂತ ಅದನ್ನು ತೋರಿಸಬಹುದು.